ಬಾಯಿ ಮುಚ್ಚಿ ಓಡಿದ ಒಂದು ಮೈಲಿ

ಶಂಭು ಉಪಾಧ್ಯಾಯರ ಮೂಗು ಎಡಕ್ಕೆ ಓರೆ. ಎದುರು ನಿಂತು ಮಾತಾಡುವವರಿಗೆ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಪಾಸ್‌ಪೋರ್ಟಿನ ಫೋಟೋದಲ್ಲಿ ಮಾತ್ರ, ಕ್ಯಾಮೆರಾ ಕ್ಲಿಕ್ ಅನ್ನುವ ಹೊತ್ತಿಗೆ ಎಡಗಡೆಯಿಂದ ಯಾರೋ ಕರೆದರು, ಮುಖ ಶಿಸ್ತಾಗಿ ನೇರ ನಿಂತಿತು, ಮೂಗೊಂದೇ ತಿರುಗಿ ನೋಡಿತು ಎನ್ನುವ ಹಾಗೆ ಇತ್ತು.

ಒಳಗಿನ ಪರಿಸ್ಥಿತಿ ಇನ್ನೂ ಬಿಗಿ. ಎಡಹೊಳ್ಳೆ ಹೆಸರಿಗೆ ಮಾತ್ರ. ಗಾಳಿಯ ವ್ಯವಹಾರವೆಲ್ಲ ಬಲದ್ದೇ. ಎಂಟನೆಯ ವಯಸ್ಸಿಗೆ ಉಡುಪಿಯಲ್ಲಿ ಉಪನಯನವಾದಾಗ ಅಜ್ಜ ಪ್ರಾಣಾಯಾಮ ಹೇಳಿಕೊಟ್ಟರು. ಬಲಹೊಳ್ಳೆ ಒತ್ತಿ ಹಿಡಿ, ಎಡದಿಂದ ಎಳೆದುಕೋ. ವಟು ಎಳೆದ. ಏನೂ ಬರಲಿಲ್ಲ. ಅಜ್ಜ ಕಣ್ಣು ಬಿಟ್ಟು ನೋಡುತ್ತಿದ್ದರು. ವಟು ಹೆಬ್ಬೆರಳನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟು ಬಲದಿಂದಲೇ ಕದ್ದು ಎಳೆದುಕೊಂಡ. ಆ ಕಳ್ಳತನ ಕ್ಯಾಲಿಫೋರ್ನಿಯಾಕ್ಕೂ ಬಂದು, ನಲವತ್ತು ವರ್ಷ, ದಿನಾ ಬೆಳಿಗ್ಗೆ ಸಂಧ್ಯಾವಂದನೆಯ ಹೊತ್ತಿಗೆ ಸಾಂಗವಾಗಿ ನಡೆಯಿತು. ಅಜ್ಜ ಇನ್ನೊಂದು ಮಾತನ್ನೂ ಕಿವಿಗೆ ಹಾಕಿದ್ದರು: "ಬಾಯಿ ಉಂಟಲ್ಲ, ಅದು ಉಣ್ಲಿಕ್ಕೆ, ಮಂತ್ರ ಹೇಳ್ಲಿಕ್ಕೆ. ಉಸಿರಾಡ್ಲಿಕ್ಕೆ ಅಲ್ಲ. ಬಾಯಲ್ಲಿ ಉಸಿರಾಡುವವನ ಆಯುಷ್ಯ ಸೋರಿ ಹೋಗ್ತದೆ." ಅಜ್ಜನ ಎಷ್ಟೋ ಮಾತುಗಳನ್ನು ಶಂಭು ಮರೆತಿದ್ದರು. ಪಾಲಿಸಲು ತಮ್ಮಿಂದ ಸಾಧ್ಯವೇ ಇಲ್ಲದ ಈ ಒಂದು ಮಾತನ್ನು ಮಾತ್ರ ಮರೆತಿರಲಿಲ್ಲ.

1989ರಲ್ಲಿ ಅವರು ಪೋರ್ಟರ್ ರ್ಯಾಂಚ್‌ನ ಗುಡ್ಡದ ಮೇಲೆ ಮನೆ ಕೊಂಡದ್ದು ಈ ಮೂಗಿನ ಹಿತಕ್ಕಾಗಿಯೇ. ಮೇಲೆ ಗಾಳಿ ಚೊಕ್ಕ ಎಂದು ಏಜೆಂಟ್ ಹೇಳಿದ್ದ. ಕೆಲಸವಿದ್ದದ್ದು ಊರಿನ ಇನ್ನೊಂದು ತುದಿಯ ಸ್ಯಾನ್ ಪೀಡ್ರೊ ಬಂದರಿನಲ್ಲಿ. ಹಾಗಾಗಿ ಚೊಕ್ಕ ಗಾಳಿಯಿಂದ ಹೊರಟು, ದಿನಕ್ಕೆ ಮೂರು ಗಂಟೆ ಫ್ರೀವೇಯಲ್ಲಿ ಲಾರಿಗಳ ಹೊಗೆ ಕುಡಿದು, ಮತ್ತೆ ಚೊಕ್ಕ ಗಾಳಿಗೆ ಮರಳುತ್ತಿದ್ದರು. ಅಷ್ಟು ಹೊತ್ತಿಗೆ ಮೂಗು ಪೂರ್ತಿ ಕಟ್ಟಿರುತ್ತಿದ್ದರಿಂದ ಆ ಗಾಳಿಯನ್ನು ಬಾಯಿಯಿಂದಲೇ ಸೇವಿಸಬೇಕಾಗುತ್ತಿತ್ತು.

"ಹೆಣ್ಣು ನೋಡ್ಲಿಕ್ಕೆ ಬಂದಾಗ ನಿಮ್ಮ ಮೂಗು ನಾನು ನೋಡಿದ್ದೆ," ಎನ್ನುತ್ತಿದ್ದರು ಹೆಂಡತಿ ಮೋಹಿನಿ. "ಅದ್ರ ಸೌಂಡಿನ ವಿಷಯ ಮಾತ್ರ ಯಾರೂ ಹೇಳಿರ್ಲಿಲ್ಲ."

ಬಂದರಿನಲ್ಲಿ ಶಂಭು ಅವರ ಕೆಲಸ ಲಾರಿಗಳ ಸರತಿಯನ್ನು ಯೋಜಿಸುವುದು. ಅವರ ಇಡೀ ವೃತ್ತಿಜೀವನದಲ್ಲಿ ಹೇಳಿಕೊಳ್ಳುವಂಥದ್ದು ಒಂದೇ ಒಂದು ಸಂಗತಿ ನಡೆದಿತ್ತು. ಅದನ್ನು ಅವರು ಕನ್ನಡ ಸಂಘದ ಪ್ರತಿ ಯುಗಾದಿ ಊಟದಲ್ಲೂ ಹೇಳಿಕೊಳ್ಳುತ್ತಿದ್ದರು. 1991ರಲ್ಲಿ ಲಾರಿಗಳ ಸಾಲು ಬೆಳೆಯುತ್ತಿದೆಯೆಂದು ಮೇಲಿನವರು ಗೇಟನ್ನು ಅಗಲ ಮಾಡಲು ಹೊರಟರು. ಶಂಭು ಎರಡು ಪುಟದ ಟಿಪ್ಪಣಿ ಬರೆದರು. ಗೇಟಿನಲ್ಲಿ ಏನೂ ತೊಂದರೆಯಿಲ್ಲ, ತಡವಾಗುತ್ತಿರುವುದು ಒಳಗೆ ಕ್ರೇನಿನ ಹತ್ತಿರ. ಗೇಟು ಎಷ್ಟು ಅಗಲ ಮಾಡಿದರೂ ಕ್ರೇನು ಎತ್ತುವಷ್ಟನ್ನೇ ಎತ್ತುತ್ತದೆ. ಯಾರೂ ಕೇಳಲಿಲ್ಲ. ಗೇಟು ಅಗಲವಾಯಿತು. ಹೊರಗೆ ಕಾಯುತ್ತಿದ್ದ ಲಾರಿಗಳು ಒಳಗೆ ಬಂದು ಕಾಯತೊಡಗಿದವು. "ನಾನು ಮೊದ್ಲೇ ಹೇಳಿದ್ದೆ, ಗೊತ್ತುಂಟಾ?" ಎಂದು ಕಥೆ ಮುಗಿಯುವಷ್ಟರಲ್ಲಿ ಕೇಳುಗರು ಹೋಳಿಗೆ ಮುಗಿಸಿ ಕೈ ತೊಳೆಯಲು ಎದ್ದಿರುತ್ತಿದ್ದರು.

ಅವರ ಒಬ್ಬಳೇ ಮಗಳು ನಿಶಾಳಿಗೆ ತಂದೆಯಿಂದ ಬಂದದ್ದು ಎರಡು: ಹಟ ಮತ್ತು ಮೂಗು. ಮೋಹಿನಿಯ ಕಡೆಯಿಂದ ಕಾಲುಗಳು ಬಂದಿದ್ದವು, ಪುಣ್ಯಕ್ಕೆ. ಹೈಸ್ಕೂಲಿಗೆ ಸೇರಿದ ವರ್ಷವೇ ಅವಳು ಕ್ರಾಸ್ ಕಂಟ್ರಿ ಟೀಮಿಗೆ ಹೋದಳು. ಗುಡ್ಡ, ಹುಲ್ಲು, ಧೂಳಿನ ದಾರಿಯಲ್ಲಿ ಮೂರು ಮೈಲಿ ಓಡುವ ಸ್ಪರ್ಧೆ. ಮನೆಯಲ್ಲಿ ಕೂತಲ್ಲಿಂದ ಏಳಲು ಐದು ಸಲ ಕರೆಸಿಕೊಳ್ಳುತ್ತಿದ್ದ ಹುಡುಗಿ ಹೊರಗೆ ಜಿಂಕೆಯ ಹಾಗೆ ಓಡುವುದನ್ನು ಮೊದಲ ಸಲ ನೋಡಿದ ದಿನ ಶಂಭು ಹಿಂದಿರುಗುವ ದಾರಿಯಲ್ಲೇ ಒಂದು ಸ್ಟಾಪ್‌ವಾಚ್ ಕೊಂಡರು. ಅಂದಿನಿಂದ ಶನಿವಾರ ಬೆಳಿಗ್ಗೆ ಎಂದರೆ ಅಪ್ಪ, ಮಗಳು, ಸ್ಟಾಪ್‌ವಾಚ್ ಮತ್ತು ಮೋಹಿನಿ ಕಟ್ಟಿಕೊಟ್ಟ ಇಡ್ಲಿ. ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಗಳು ಆ ಕಾರಿನಲ್ಲಿ ಮಾತ್ರ ಒಂದೊಂದು ಕನ್ನಡ ಪದ ಉದುರಿಸುತ್ತಿದ್ದಳು. ಹಿಂದಿರುಗುವಾಗ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದಳು. ಮೂಗಿನಿಂದ ಸಣ್ಣ ಸಿಳ್ಳೆ ಬರುತ್ತಿತ್ತು. ಶಂಭು ರೇಡಿಯೋ ಆರಿಸಿ ಅದನ್ನು ಕೇಳುತ್ತ ಡ್ರೈವ್ ಮಾಡುತ್ತಿದ್ದರು.

1995ರ ನವೆಂಬರಿನ ಸಿಟಿ ಫೈನಲ್‌ನಲ್ಲಿ ಮೊದಲ ಹನ್ನೆರಡು ಮಂದಿಗೆ ಸ್ಟೇಟ್ ಮೀಟ್‌ಗೆ ಹೋಗುವ ಅವಕಾಶ. ನಿಶಾ ಹದಿನಾಲ್ಕನೆಯವಳಾದಳು. ಹನ್ನೆರಡನೆಯವಳಿಗೂ ಅವಳಿಗೂ ನಡುವೆ ಮೂರು ಸೆಕೆಂಡು.

"ನೆಕ್ಸ್ಟ್ ಇಯರ್, ಅಪ್ಪ," ಎಂದಳು. ಕಣ್ಣೊರೆಸಿಕೊಂಡು, ಇಡ್ಲಿ ತಿಂದು, ಮಲಗಿದಳು.

ಅವಳ ಲೆಕ್ಕಕ್ಕೆ ವಿಷಯ ಅಲ್ಲಿಗೆ ಮುಗಿಯಿತು. ಶಂಭು ಅವರದು ಅಲ್ಲಿಂದ ಶುರುವಾಯಿತು. ಆ ಚಳಿಗಾಲ ಟೀವಿಯಲ್ಲಿ ಫುಟ್‌ಬಾಲ್ ಆಡುವ ಗಂಡಾಳುಗಳೆಲ್ಲ ಮೂಗಿನ ಮೇಲೆ ಒಂದು ಪಟ್ಟಿ ಅಂಟಿಸಿಕೊಂಡು ಬರತೊಡಗಿದ್ದರು. ಅದು ಹೊಳ್ಳೆಗಳನ್ನು ಎಳೆದು ಅಗಲ ಮಾಡುತ್ತದಂತೆ. ಶಂಭು ಒಂದು ಡಬ್ಬಿ ತಂದು ಮಗಳಿಗೂ ಅಂಟಿಸಿದರು, ತಮಗೂ ಅಂಟಿಸಿಕೊಂಡು ಆಫೀಸಿಗೆ ಹೋದರು. ಯಾರೋ ಮುಖಕ್ಕೆ ಗುದ್ದಿದ್ದಾರೆಂದು ತಿಳಿದು ಸೆಕ್ಯುರಿಟಿಯವನು ವಿಚಾರಿಸಿದ. ನಿಶಾ ಪಟ್ಟಿ ಹಾಕಿ ಓಡಿದ ಮೊದಲ ದಿನ ನಾಲ್ಕು ಸೆಕೆಂಡು ಕಡಿಮೆಯಾಯಿತು. ಅವತ್ತು ಹಿಂದಿನಿಂದ ಜೋರು ಗಾಳಿ ಬೀಸುತ್ತಿತ್ತು. ಆದರೆ ಶಂಭು ಅವರ ಕಣ್ಣಿಗೆ ಬಿದ್ದದ್ದು ಪಟ್ಟಿ ಮಾತ್ರ.

"ಒಂದು ತುಂಡು ಅಂಟಿಗೆ ನಾಲ್ಕು ಸೆಕೆಂಡು ಅಂದ್ರೆ," ಎಂದರು ಮೋಹಿನಿಗೆ, "ಒಳಗಿನ ಮೂಳೆಯನ್ನೇ ನೇರ ಮಾಡಿದ್ರೆ?"

"ಅವ್ಳ ಮೂಗು ಮಾರಾಯ್ರೆ ಅದು, ನಿಮ್ಮ ಬಂದರು ಅಲ್ಲ," ಎಂದರು ಮೋಹಿನಿ.

ಡಾಕ್ಟರು ನೋಡಿದರು. ಮೂಗಿನ ನಡುಗೋಡೆ ಸೊಟ್ಟಗಿರುವುದು ನಿಜ, ಆಪರೇಷನ್ ಮಾಡಬಹುದು, ನಿದ್ದೆಗೂ ಪದೇ ಪದೇ ಬರುವ ಸೈನಸ್‌ಗೂ ಒಳ್ಳೆಯದು ಎಂದರು. ಓಟದ ಬಗ್ಗೆ ಕೇಳಿದಾಗ, ಅದಕ್ಕೆ ನಾನು ಮಾತು ಕೊಡಲಾರೆ ಎಂದು ನಕ್ಕರು. ಶಂಭು ಆ ನಗೆಯನ್ನು ವಿನಯ ಎಂದುಕೊಂಡರು.

ಆದರೂ ಪರೀಕ್ಷೆ ಮಾಡಿಸದೆ ಮುನ್ನುಗ್ಗುವ ಮನುಷ್ಯರಲ್ಲ ಅವರು. ಸ್ಯಾನ್ ಡಿಯೇಗೊದಲ್ಲಿ ಖುರ್ಷೀದ್ ಇದ್ದರು. ಮೈಸೂರಿನವರು, ಸಂಘದ ಪಿಕ್ನಿಕ್ಕಿನಲ್ಲಿ ಪರಿಚಯವಾಗಿ ಸ್ನೇಹಿತರಾದವರು. ಅಲ್ಲಿನ ಕರ್ನಿ ಮೆಸಾ ಬಡಾವಣೆಯ ಒಂದು ಲ್ಯಾಬಿನಲ್ಲಿ ಓಟಗಾರರ, ಸೈಕಲ್ಲಿನವರ ಉಸಿರು ಅಳೆಯುವುದು ಅವರ ಕೆಲಸ. ಜೂನ್ ತಿಂಗಳ ಒಂದು ಶನಿವಾರ ಅಪ್ಪ, ಮಗಳು ಅಲ್ಲಿಗೆ ಹೋದರು.

ಖುರ್ಷೀದ್ ಮೊದಲು ಹೊಳ್ಳೆಗಳಿಂದ ಹೋಗುವ ಗಾಳಿ ಅಳೆದರು. ಎಡದಲ್ಲಿ ಬಲದ ಕಾಲು ಭಾಗವೂ ಇರಲಿಲ್ಲ. ಶಂಭು ತಮ್ಮ ಆಸ್ತಿಯ ವಿವರ ಓದಿಸಿಕೊಂಡವರಂತೆ ತಲೆಯಾಡಿಸಿದರು. ಆಮೇಲೆ ನಿಶಾಳನ್ನು ಟ್ರೆಡ್‌ಮಿಲ್ ಹತ್ತಿಸಿ, ಬಾಯಿಗೆ ಒಂದು ಕೊಳವೆ ಕೊಟ್ಟು, ಮೂಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದನ್ನು ಸಿಕ್ಕಿಸಿದರು.

ಶಂಭು ಹೌಹಾರಿದರು. "ಇದೆಂತದ್ದು! ಮೂಗು ಮುಚ್ಚಿ ಓಡಿಸ್ತೀರಾ?"

"ಎಲ್ರನ್ನೂ ಹೀಗೇ ಓಡ್ಸೋದು ಸ್ವಾಮಿ. ದೊಡ್ಡ ದೊಡ್ಡ ಓಟಗಾರರನ್ನೂ. ಉಸಿರೆಲ್ಲ ಕೊಳವೇಲೇ ಹೋಗ್ಬೇಕು, ಆಗ ಲೆಕ್ಕ ಸಿಗತ್ತೆ."

ನಿಶಾ ಮೂಗು ಮುಚ್ಚಿಕೊಂಡೇ ಓಡಿದಳು. ಬೆಲ್ಟಿನ ವೇಗ ಏರಿತು, ಏರಿತು, ಕೊನೆಗೆ ಅವಳು ಕೈಯೆತ್ತಿ ಸಾಕೆಂದಳು. ದೇಹ ಬಳಸಿಕೊಂಡ ಆಮ್ಲಜನಕದ ಅಂಕಿ ಐವತ್ತೆರಡು. "ಮಾಷಾ ಅಲ್ಲಾ, ಗಟ್ಟಿ ಹುಡುಗಿ," ಎಂದರು ಖುರ್ಷೀದ್.

ಮಧ್ಯಾಹ್ನ ಹತ್ತಿರದ ವಿಯೆಟ್ನಾಮಿ ಹೋಟೆಲಿನಲ್ಲಿ ತೋಫು ಮತ್ತು ಅನ್ನ ತಿನ್ನುತ್ತ ಖುರ್ಷೀದ್ ಬಿಡಿಸಿ ಹೇಳಿದರು. "ನೋಡಿ, ಸುಮ್ನೆ ಕೂತಾಗ ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಸಾಕು. ಅದಕ್ಕೆ ಮೂಗು ಧಾರಾಳ. ಜೋರಾಗಿ ಓಡುವಾಗ ನೂರು ಲೀಟರ್ ಬೇಕು. ಮೂಗಿನ ಕೈಲಿ ಎಲ್ಲಾಗತ್ತೆ? ಬಾಯಿ ತಾನೇ ತೆರ್ಕೊಳತ್ತೆ. ಅಲ್ಲಿಂದಾಚೆಗೆ ಮೂಗು ನೇರ ಇದ್ರೇನು, ಸೊಟ್ಟ ಇದ್ರೇನು. ಓಟ ನಿಂತಿರೋದು ಹೃದಯ ಎಷ್ಟು ರಕ್ತ ತಳ್ಳತ್ತೆ ಅನ್ನೋದ್ರ ಮೇಲೆ. ಆಪರೇಷನ್ ಬೇಕಾದ್ರೆ ಮಾಡ್ಸಿ, ಮಗು ಚೆನ್ನಾಗಿ ನಿದ್ದೆ ಮಾಡತ್ತೆ. ಸೆಕೆಂಡು ಮಾತ್ರ ಕೇಳ್ಬೇಡಿ."

ಶಂಭು ಗಮನವಿಟ್ಟು ಕೇಳಿದರು. ಅಳತೆಯ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡರು. ಫ್ರೀವೇ ಹತ್ತಿದ ಮೇಲೆ ಮಗಳಿಗೆ ಹೇಳಿದರು: "ಮೂಗು ಪೂರ್ತಿ ಮುಚ್ಚಿಯೇ ಐವತ್ತೆರಡು ಉಂಟು ನಿಶಾ. ಅಂದ್ರೆ ತೆರೆದ್ರೆ ಎಷ್ಟು ಆಗ್ಬಹುದು, ಯೋಚನೆ ಮಾಡು!"

ಎರಡು ಪುಟದ ಟಿಪ್ಪಣಿ ಬರೆದ ಅದೇ ಮನುಷ್ಯ.

ಜೂನ್ ಕೊನೆಗೆ ಆಪರೇಷನ್ ಆಯಿತು. ಅದರಲ್ಲಿ ಒಂದು ಕುಂದೂ ಇರಲಿಲ್ಲ. ಎರಡು ದಿನ ಮೂಗಿನೊಳಗೆ ತುರುಕಿದ ಬಟ್ಟೆ, ಕಣ್ಣಿನ ಕೆಳಗೆ ನೀಲಿ. ಶಂಭು ರಜೆ ಹಾಕಿ ಪಕ್ಕದ ಕುರ್ಚಿಯಲ್ಲಿ ಕೂತು ಗಂಜಿ ಕುಡಿಸಿದರು. ಕೆಲವು ವಾರ ಓಡಬಾರದೆಂದು ಡಾಕ್ಟರ ಅಪ್ಪಣೆ. ಆ ವಾರಗಳಲ್ಲಿ ಅವಳ ಟೀಮಿನವರು ಬೆಟ್ಟದ ಮೇಲಿನ ಕ್ಯಾಂಪಿನಲ್ಲಿ ದಿನಕ್ಕೆ ಎಂಟು ಮೈಲಿ ಓಡಿದರು. ನಿಶಾ ಅವರು ಕಳಿಸಿದ ಪೋಸ್ಟ್‌ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಸೆಪ್ಟೆಂಬರಿನಲ್ಲಿ ಮತ್ತೆ ಕರ್ನಿ ಮೆಸಾ. ಎಡಹೊಳ್ಳೆಯ ಗಾಳಿ ಬಲದ ಸಮಕ್ಕೆ ಬಂದಿತ್ತು. ಟ್ರೆಡ್‌ಮಿಲ್ಲಿನ ಅಂಕಿ ಐವತ್ತೊಂದು ಮುಕ್ಕಾಲು.

"ಏನೂ ಬದಲಾಗಿಲ್ಲ," ಎಂದರು ಖುರ್ಷೀದ್. "ಬೇಸಿಗೆ ಓಡ್ಲಿಲ್ಲ, ಆದ್ರೂ ಉಳ್ಸ್ಕೊಂಡಿದ್ದಾಳೆ. ಎರಡು ತಿಂಗಳು ಚೆನ್ನಾಗಿ ಓಡ್ಲಿ, ಬರತ್ತೆ."

ಬದಲಾಗಿಲ್ಲ ಎಂಬ ಮಾತು ಶಂಭು ಅವರಿಗೆ ರುಚಿಸಲಿಲ್ಲ. ಇಷ್ಟು ಅಗಲವಾದ ಹೊಳ್ಳೆ ಏನೂ ಕೊಡುತ್ತಿಲ್ಲವೆಂದರೆ ಅದನ್ನು ಬಳಸುತ್ತಿಲ್ಲ ಎಂದೇ ಅರ್ಥ. ಹುಡುಗಿ ಹಳೆಯ ಚಾಳಿಯಂತೆ ಬಾಯಿ ತೆರೆದೇ ಓಡುತ್ತಿದ್ದಾಳೆ! ಅಜ್ಜನ ಮಾತು ಉಡುಪಿಯಿಂದ ಎದ್ದು ಬಂತು. ಮಾರನೆಯ ದಿನ ಸಂಧ್ಯಾವಂದನೆ ಮುಗಿಸಿದವರೇ ಮಗಳನ್ನು ಎದುರು ಕೂರಿಸಿಕೊಂಡು ಪ್ರಾಣಾಯಾಮ ಹೇಳಿಕೊಟ್ಟರು. ಬಲ ಮುಚ್ಚು, ಎಡದಿಂದ ಎಳೆದುಕೋ. ಅವಳು ಎಳೆದುಕೊಂಡಳು. ಗಾಳಿ ಸರಾಗವಾಗಿ ಒಳಗೆ ಹೋಯಿತು. ತಾವು ನಲವತ್ತು ವರ್ಷ ಕದ್ದು ಮಾಡಿದ್ದನ್ನು ಮಗಳು ಒಂದೇ ಸಲಕ್ಕೆ ನಿಜವಾಗಿ ಮಾಡಿದ್ದನ್ನು ಕಂಡು ಶಂಭು ಅವರ ಕಣ್ಣು ತುಂಬಿತು. ಅಲ್ಲೇ ನಿಲ್ಲಿಸಿದ್ದರೆ ಒಳ್ಳೆಯ ಅಪ್ಪ ಅನಿಸಿಕೊಳ್ಳುತ್ತಿದ್ದರು.

"ಇನ್ನು ಓಡುವಾಗ್ಲೂ ಹೀಗೇ," ಎಂದರು. "ಬಾಯಿ ಬಂದ್."

ನಿಶಾ ಇಂಗ್ಲಿಷಿನಲ್ಲಿ ಉದ್ದಕ್ಕೆ ವಾದಿಸಿದಳು. ಕೋಚ್ ಬಾಯಿ ತೆರೆಯಲು ಹೇಳುತ್ತಾರೆ, ಖುರ್ಷೀದ್ ಅಂಕಲ್ ಕೂಡ ಅದನ್ನೇ ಹೇಳಿದರು, ಮುಚ್ಚಿ ಓಡಿದರೆ ಎದೆ ಒಡೆದ ಹಾಗಾಗುತ್ತದೆ.

"ಅಭ್ಯಾಸ ಇಲ್ಲದ್ದಕ್ಕೆ ಹಾಗಾಗೂದು. ಪೂರ್ತಿ ಬೇಡ. ಮೊದಲ್ನೇ ಮೈಲಿ ಮಾತ್ರ. ನನಗೋಸ್ಕರ."

ಆ ಕೊನೆಯ ಪದವನ್ನು ಅವರು ಯೋಚಿಸಿ ಆಡಿದ್ದಲ್ಲ. ಆಮೇಲೆ ಎಷ್ಟೋ ವರ್ಷ ಯೋಚಿಸಿದ್ದು ಮಾತ್ರ ಆ ಪದದ ಬಗ್ಗೆಯೇ.

"ಸುಮ್ಮನಿರ್ಲಿಕ್ಕೆ ಎಂತ ತಗೊಳ್ತೀರಿ ನೀವು?" ಎಂದರು ಒಳಗಿನಿಂದ ಮೋಹಿನಿ. "ಬಾಯಿ ಮುಚ್ಚುವ ಅಭ್ಯಾಸ ಈ ಮನೇಲಿ ಯಾರಿಗೆ ಬೇಕಾದ್ದು ಅಂತ ನಂಗೆ ಗೊತ್ತುಂಟು."

ನವೆಂಬರಿನ ಸಿಟಿ ಫೈನಲ್ ದಿನ ಬೆಳಿಗ್ಗೆಯೇ ಬಿಸಿಲು ಸುಡುತ್ತಿತ್ತು. ಎರಡು ತಿಂಗಳಲ್ಲಿ ನಿಶಾ ಕಳೆದುಕೊಂಡದ್ದನ್ನೆಲ್ಲ ಗಳಿಸಿದ್ದಳು. ಹತ್ತರೊಳಗೆ ಬರುತ್ತಾಳೆ ಎಂದು ಕೋಚ್ ಹೇಳಿದ್ದರು. ಪಿಸ್ತೂಲು ಸಿಡಿಯಿತು. ಶಂಭು ಸ್ಟಾಪ್‌ವಾಚ್ ಒತ್ತಿ, ಮೈದಾನವನ್ನು ಅಡ್ಡ ಹಾಯ್ದು, ಅರ್ಧ ಮೈಲಿಯ ಗುರುತಿನ ಹತ್ತಿರ ಏರಿನ ಬುಡದಲ್ಲಿ ನಿಂತರು. ಹುಡುಗಿಯರ ಗುಂಪು ಧೂಳೆಬ್ಬಿಸುತ್ತ ಬಂತು. ನಿಶಾ ಏಳನೆಯವಳು. ಹೆಜ್ಜೆ ಹಗುರ, ಭುಜ ಸಡಿಲ, ಬಾಯಿ ಅಗಲವಾಗಿ ತೆರೆದಿತ್ತು.

ಶಂಭು ಕೂಗಲಿಲ್ಲ. ಕೈಯೆತ್ತಿ ತಮ್ಮ ಬಾಯಿಯ ಮೇಲೆ ಅಂಗೈ ಇಟ್ಟುಕೊಂಡರು, ಅಷ್ಟೇ.

ಅವಳು ನೋಡಿದಳು. ಬಾಯಿ ಮುಚ್ಚಿದಳು. ಮುಚ್ಚಿಕೊಂಡೇ ಏರು ಹತ್ತಿದಳು.

ಶಂಭು ಅಡ್ಡದಾರಿಯಲ್ಲಿ ಮೈಲಿಯ ಗುರುತಿಗೆ ಹೋಗಿ, ಅಂಗೈಯನ್ನು ಹಾಗೆಯೇ ಬಾಯಿಯ ಮೇಲಿಟ್ಟುಕೊಂಡು ನಿಂತರು. ಅಲ್ಲಿಗೆ ಬರುವಾಗ ನಿಶಾ ಹನ್ನೊಂದನೆಯವಳಾಗಿದ್ದಳು. ಮುಖ ಕೆಂಪಗಾಗಿತ್ತು, ಕತ್ತಿನ ನರ ಉಬ್ಬಿತ್ತು, ತುಟಿ ಮಾತ್ರ ಹೊಲಿದಂತೆ ಮುಚ್ಚಿತ್ತು. ಎರಡು ನೇರ ಹೊಳ್ಳೆಗಳು ಮೊಲದ ಮೂಗಿನಂತೆ ಪಟಪಟ ಅನ್ನುತ್ತಿದ್ದವು. ಸಾಕು, ತೆರಿ ಎಂದು ಹೇಳಬೇಕೆಂದು ಶಂಭು ಅವರಿಗೆ ಆಗಲೇ ಅನಿಸಿತು. ಕೈಯನ್ನು ಬಾಯಿಂದ ತೆಗೆದದ್ದೂ ನಿಜ. ಆದರೆ ಗುರುತು ದಾಟಿ ಹೋದ ಅವಳು ತಿರುಗಿ ನೋಡಲಿಲ್ಲ. ಅಲ್ಲಿ ಬಾಯಿ ತೆರೆದಳು. ತೆರೆದರೂ ಉಸಿರು ಕೂಡಲಿಲ್ಲ. ಸಾಲ ಮಾಡಿದ ಗಾಳಿಯನ್ನು ಉಳಿದ ಎರಡು ಮೈಲಿ ಮರಳಿಸುತ್ತಲೇ ಇದ್ದಳು. ಒಬ್ಬೊಬ್ಬರೇ ಅವಳನ್ನು ದಾಟಿದರು. ಇಪ್ಪತ್ತೊಂದನೆಯವಳಾಗಿ ಬಂದು, ಗೆರೆ ದಾಟಿ, ಹುಲ್ಲಿನ ಮೇಲೆ ಮೊಣಕಾಲೂರಿ ವಾಂತಿ ಮಾಡಿಕೊಂಡಳು.

ಶಂಭು ನೀರಿನ ಬಾಟಲಿ ಹಿಡಿದು ಓಡಿದರು. "ನಿಶಾ..." ಎಂದರು.

"ಇಟ್ಸ್ ಓಕೇ, ಅಪ್ಪ," ಎಂದಳು ಬಾಯಿ ಒರೆಸಿಕೊಂಡು. "ಐ ಡಿಡ್ ದ ಮೈಲ್."

ಬೈದಿದ್ದರೆ ಅವರಿಗೆ ಬದುಕಲು ಸುಲಭವಾಗುತ್ತಿತ್ತು.

ಹಿಂದಿರುಗುವಾಗ ಇಡ್ಲಿ ಡಬ್ಬಿ ತೆರೆಯಲಿಲ್ಲ. ನಿಶಾ ಹಿಂದಿನ ಸೀಟಿನಲ್ಲಿ ಮಲಗಿದಳು. ಶಂಭು ಅಭ್ಯಾಸದಂತೆ ರೇಡಿಯೋ ಆರಿಸಿದರು. ಏನೂ ಕೇಳಿಸಲಿಲ್ಲ. ಕನ್ನಡಿಯಲ್ಲಿ ನೋಡಿದರು. ಮಗಳು ಬಾಯಿ ಮುಚ್ಚಿ, ಸಣ್ಣ ಮಗುವಿನ ಹಾಗೆ, ಒಂದಿಷ್ಟೂ ಸದ್ದಿಲ್ಲದೆ ನಿದ್ದೆ ಮಾಡುತ್ತಿದ್ದಳು. ಆಪರೇಷನ್ ಏನು ಕೊಡುತ್ತದೆಂದು ಡಾಕ್ಟರು ಹೇಳಿದ್ದರೋ ಅದನ್ನು ಪೂರ್ತಿಯಾಗಿ ಕೊಟ್ಟಿತ್ತು. ಪೋರ್ಟರ್ ರ್ಯಾಂಚ್ ಮುಟ್ಟುವವರೆಗೆ ಶಂಭು ಆ ನಿಶ್ಶಬ್ದವನ್ನು ಕೇಳುತ್ತ ಡ್ರೈವ್ ಮಾಡಿದರು.

ಆ ವಾರ ಖುರ್ಷೀದ್ ಫೋನ್ ಮಾಡಿದರು. ಶಂಭು ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದರು.

"ಶಂಭು, ತಪ್ಪು ತಿಳ್ಕೋಬೇಡಿ," ಎಂದರು ಖುರ್ಷೀದ್. "ಆ ಗೇಟು, ಕ್ರೇನು... ಆ ಕಥೆ ನಂಗೆ ಹೇಳಿದ್ದು ನೀವೇ ಅಲ್ವಾ?"

ಮುಂದಿನ ಯುಗಾದಿ ಊಟದಲ್ಲಿ ಶಂಭು ಆ ಕಥೆ ಹೇಳಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಏನೋ ಕಾಯಿಲೆಯಿರಬೇಕೆಂದು ಸಂಘದವರು ಮೋಹಿನಿಯನ್ನು ವಿಚಾರಿಸಿದರು.

ಕೊನೆಯ ವರ್ಷ ನಿಶಾ ಟೀಮಿಗೆ ಸೇರಲಿಲ್ಲ. ಫಿಸಿಕ್ಸ್ ಕಷ್ಟ ಇದೆ, ಸಮಯ ಸಾಲದು ಎಂದಳು. ಫಿಸಿಕ್ಸ್‌ನಲ್ಲಿ ಅವಳಿಗೆ ಬರುತ್ತಿದ್ದ ಅಂಕ ಶಂಭು ಅವರಿಗೆ ಗೊತ್ತಿತ್ತು. ಸೇರು ಎನ್ನಲು ಬಾಯಿ ತೆರೆದರು. ಅವಳ ವಿಷಯದಲ್ಲಿ ಇನ್ನೊಂದು ಸಲಹೆ ಕೊಡುವ ಹಕ್ಕು ತಮಗಿದೆಯೇ ಎಂದು ಅನುಮಾನವಾಗಿ ಮುಚ್ಚಿದರು. ಸ್ಟಾಪ್‌ವಾಚ್ ಅಡುಗೆಮನೆಯ ಡ್ರಾಯರಿನಲ್ಲಿ, ಹಳೇ ಬ್ಯಾಟರಿ, ರಬ್ಬರ್ ಬ್ಯಾಂಡುಗಳ ನಡುವೆ ಸೇರಿತು. ಶನಿವಾರ ಬೆಳಿಗ್ಗೆ ಎಂಟಕ್ಕೆ ಎಚ್ಚರವಾಗಿ, ಎಲ್ಲಿಗೂ ಹೋಗುವುದಿಲ್ಲದೆ ಅವರು ಕಾರು ತೊಳೆಯುತ್ತಿದ್ದರು. ಆ ವರ್ಷದಷ್ಟು ಆ ಕಾರು ಯಾವತ್ತೂ ಹೊಳೆದಿರಲಿಲ್ಲ.

1998ರಲ್ಲಿ ನಿಶಾ ಓದಲು ಸ್ಯಾನ್ ಡಿಯೇಗೊಗೆ ಹೋದಳು. ಅಕ್ಟೋಬರಿನಲ್ಲಿ ಶಂಭು ಉಪ್ಪಿನಕಾಯಿ ಮತ್ತು ಕಂಬಳಿ ಕೊಡುವ ನೆಪದಲ್ಲಿ ಒಬ್ಬರೇ ಹೋದರು. ಊಟಕ್ಕೆ ಮೊದಲು ಬೀಚಿಗೆ ಹೋಗೋಣ ಎಂದಳು. ಅಲ್ಲಿ ತನ್ನ ಕಾರಿನ ಡಿಕ್ಕಿಯಿಂದ ಸವೆದ ಶೂ ತೆಗೆದು ಹಾಕಿಕೊಂಡಳು.

"ಓಡ್ತೀಯಾ?" ಎಂದರು ಶಂಭು. ಧ್ವನಿ ಸ್ವಲ್ಪ ಮೇಲೆದ್ದಿತು. "ಟೀಮಿಗಾ?"

"ನೋ. ಸುಮ್ನೆ." ಹಾಗೊಂದು ಕನ್ನಡ ಪದವನ್ನು ಅವಳ ಬಾಯಲ್ಲಿ ಕೇಳಿ ಎರಡು ವರ್ಷವಾಗಿತ್ತು. "ಕೀ ಹಿಡ್ಕೊ, ಅಪ್ಪ."

ಕೀ ಅವರ ಕೈಗಿಟ್ಟು ನೀರಂಚಿಗೆ ಇಳಿದಳು. ಒದ್ದೆ ಮರಳಿನ ಮೇಲೆ ಉತ್ತರಕ್ಕೆ ಓಡಿದಳು. ಅದೇ ಹಗುರ ಹೆಜ್ಜೆ. ದೂರದ ಕಾವಲುಗೋಪುರ ಮುಟ್ಟಿ ತಿರುಗಿದಳು. ಬರುತ್ತ ಬರುತ್ತ ವೇಗ ಹೆಚ್ಚಿತು. ಹತ್ತಿರವಾದಾಗ ಮುಖ ಕಂಡಿತು. ಬಾಯಿ ಪೂರ್ತಿ ತೆರೆದಿತ್ತು. ಆಗ ಅಪ್ಪ ನಿಂತಿರುವುದು ಅವಳ ಕಣ್ಣಿಗೆ ಬಿತ್ತು. ಬಿದ್ದದ್ದೇ, ತಿಳಿಯದೆಯೇ ಇರಬೇಕು, ಒಂದು ಕ್ಷಣ ತುಟಿ ಮುಚ್ಚಿಕೊಂಡಳು.

ಶಂಭು ತಕ್ಷಣ ತಿರುಗಿ, ಅವಳಿಗೆ ಬೆನ್ನು ಹಾಕಿ, ಪಾರ್ಕಿಂಗಿನ ಕಡೆ ನೋಡುತ್ತ ನಿಂತರು. ಹೆಜ್ಜೆಯ ಸದ್ದು, ಅದರ ಜೊತೆಗೆ ಬಾಯಿಂದ ಬರುವ ದೊಡ್ಡ ದೊಡ್ಡ ಉಸಿರಿನ ಸದ್ದು ಹಿಂದಿನಿಂದ ಹತ್ತಿರ ಬಂತು, ಅವರನ್ನು ದಾಟಿ ದಕ್ಷಿಣಕ್ಕೆ ಹೋಯಿತು. ಅದು ಪೂರ್ತಿ ಅಡಗುವವರೆಗೂ ಅವರು ಕೀ ಹಿಡಿದುಕೊಂಡು ಹಾಗೆಯೇ ನಿಂತಿದ್ದರು.